ಸಾವಿನ ಲೆಕ್ಕ: ಬಡ ದೇಶ, ಸಿರಿವಂತ ದೇಶಗಳ ಮರಣ ದರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾವಿನ ಅಂಕಿಅಂಶದ ಬಗ್ಗೆ ಬರೆಯುವವನಿಗೆ ಮದುವೆ ಮನೆಯ ಪಂಕ್ತಿಯಲ್ಲೂ ಬಿಡುವಿಲ್ಲ. ಎಲೆಗೆ ಕೋಸಂಬರಿ ಬೀಳುವ ಮೊದಲೇ ಪಕ್ಕದವರು "ಅಲ್ರೀ, ಒಂದು ಡೌಟು" ಅನ್ನುತ್ತಾರೆ. ಹೀಗೆ ಮಾತಿನಲ್ಲಿ, ಕಾಗದದಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಮೊದಲ ಪಾಠ

ಜಪಾನಿನವರು ನೂರು ವರ್ಷ ಬದುಕುತ್ತಾರೆ ಅಂತೀರಿ. ಮತ್ತೆ ಅಲ್ಲಿನ ಸಾವಿನ ದರ ನಮಗಿಂತ ಹೆಚ್ಚು ಅಂತ ಪುಸ್ತಕದಲ್ಲಿದೆಯಲ್ಲ, ಅಚ್ಚಿನ ತಪ್ಪೇ?

ಅಚ್ಚಿನ ತಪ್ಪಲ್ಲ. ಒಂದು ಕಾಲೇಜು ಹಾಸ್ಟೆಲ್, ಒಂದು ವೃದ್ಧಾಶ್ರಮ. ಎರಡರಲ್ಲೂ ನೂರು ನೂರು ಜನ. ವೃದ್ಧಾಶ್ರಮಕ್ಕೆ ದಿನಾ ಡಾಕ್ಟರು ಬರುತ್ತಾರೆ, ಹಾಸ್ಟೆಲಿನಲ್ಲಿ ಬಿಸಿನೀರಿಗೂ ಗತಿಯಿಲ್ಲ. ಆದರೂ ವರ್ಷದ ಕೊನೆಗೆ ಸಾವು ಹೆಚ್ಚಾಗಿರುವುದು ವೃದ್ಧಾಶ್ರಮದಲ್ಲೇ. ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಸಾವು ಎಂದಷ್ಟೇ ಎಣಿಸುವ ಕಚ್ಚಾ ಮರಣ ದರದ ಕಥೆಯೂ ಇದೇ. ಜಪಾನಿನಲ್ಲಿ ಹತ್ತರಲ್ಲಿ ಸುಮಾರು ಮೂವರು 65 ದಾಟಿದವರು. ನಮ್ಮಲ್ಲಿ ನೂರಕ್ಕೆ ಏಳು ಮಂದಿ.

ಅಷ್ಟು ದೂರ ಯಾಕೆ? 2020ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಕೇರಳದ ಕಚ್ಚಾ ದರ ಸಾವಿರಕ್ಕೆ 7, ಬಿಹಾರದ್ದು 5.4. ಇದನ್ನು ಓದಿ ಕೇರಳ ಬಿಟ್ಟು ಬಿಹಾರಕ್ಕೆ ಹೋಗಿ ನೆಲೆಸಿದವರನ್ನು ನಾನಂತೂ ಕಂಡಿಲ್ಲ. ಕೊಲ್ಲಿ ದೇಶಗಳ ದರ ಇನ್ನೂ ತಮಾಷೆಯದು, ಕತಾರಿನಂಥ ಕಡೆ ಸಾವಿರಕ್ಕೆ ಒಂದೆರಡು. ಅಲ್ಲಿ ದುಡಿಯುವವರು ಹೊರಗಿನಿಂದ ಬಂದ ಕಟ್ಟುಮಸ್ತಾದ ಹರೆಯದವರು. ನಮ್ಮ ಉಡುಪಿ, ಮಂಗಳೂರು, ಭಟ್ಕಳದ ಹುಡುಗರೂ ಅವರಲ್ಲಿದ್ದಾರೆ. ವಯಸ್ಸಾದ ಮೇಲೆ ಊರಿಗೆ ಮರಳುತ್ತಾರೆ, ಸಾವು ಊರಿನ ಲೆಕ್ಕಕ್ಕೆ ಸೇರುತ್ತದೆ.

ಹಾಗಾದರೆ ಯಾವ ಲೆಕ್ಕ ನೋಡಬೇಕು?

ಎರಡು ದೇಶಗಳನ್ನು ತೂಗಬೇಕಾದರೆ ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ದರ ನೋಡಿ. ಅದು ಕೈಗೆ ಸಿಗದಿದ್ದರೆ ಶಿಶು ಮರಣ ದರ ಸಾಕು: ಜೀವಂತ ಹುಟ್ಟಿದ ಸಾವಿರ ಮಕ್ಕಳಲ್ಲಿ ಮೊದಲ ವರ್ಷ ಮುಗಿಯುವುದರೊಳಗೆ ಎಷ್ಟು ಹೋದವು ಎಂಬ ಲೆಕ್ಕ. ನೀರು, ಊಟ, ದವಾಖಾನೆ, ರಸ್ತೆ, ತಾಯಿಯ ಮೈಯ ರಕ್ತ ಎಲ್ಲದರ ಗುಣವೂ ಆ ಒಂದು ಅಂಕಿಯಲ್ಲಿ ಇಳಿದಿರುತ್ತದೆ. 2020ರಲ್ಲಿ ಕೇರಳಕ್ಕೆ 6, ಕರ್ನಾಟಕಕ್ಕೆ 19, ಮಧ್ಯಪ್ರದೇಶಕ್ಕೆ 43. ಈಗ ಚಿತ್ರ ಸರಿಯಾಯಿತಲ್ಲ?

ಸ್ವಾತಂತ್ರ್ಯ ಬಂದಾಗ ಸರಾಸರಿ ಆಯಸ್ಸು 32 ಅಂತೆ. ನಮ್ಮ ಮುತ್ತಜ್ಜ 90 ಬದುಕಿದ್ದರಲ್ಲ, ಇದು ಸುಳ್ಳಲ್ಲವೇ?

ನಿಮ್ಮ ಮುತ್ತಜ್ಜನೂ ನಿಜ, 32ನ್ನೂ ನಂಬಬಹುದು. ಅವರ ಜೊತೆ ಹುಟ್ಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಷ್ಟು ಮಂದಿ ಎಂದು ಮನೆಯ ಹಿರಿಯರನ್ನು ಕೇಳಿ. "ಒಂಬತ್ತು ಹೆತ್ತರು, ನಾಲ್ಕು ಉಳಿದವು" ಎಂಬ ಮಾತು ಬರುತ್ತದೆ. ಒಂದು ಮಗು ಹುಟ್ಟಿದ ವಾರಕ್ಕೇ ಹೋಗಿ, ಇನ್ನೊಬ್ಬರು 64 ಬದುಕಿದರೆ ಇಬ್ಬರ ಸರಾಸರಿ 32. ಆ ವಯಸ್ಸಿಗೆ ಸತ್ತವರು ಅಲ್ಲಿ ಯಾರೂ ಇಲ್ಲ.

ನಮ್ಮ ಕಡೆಯ ಹೆಸರುಗಳಲ್ಲೇ ಈ ಇತಿಹಾಸ ಇದೆ. ಮೇಲಿಂದ ಮೇಲೆ ಮಕ್ಕಳು ಹೋದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಕ್ಕ ಎಂದು ಕರೆಯುತ್ತಿದ್ದರು. ಬೇಡದ ವಸ್ತು ಎಂದು ಜವರಾಯ ಬಿಟ್ಟು ಹೋಗಲಿ ಎಂಬ ಉಪಾಯ. ಈಗ ಅಂಥ ಹೆಸರಿಡುವವರು ಕಡಿಮೆಯಾಗಿದ್ದಾರೆ. ಹೆಸರಿನ ಷೋಕಿ ಒಂದು ಕಾರಣವಿರಬಹುದು, ಮಕ್ಕಳು ಉಳಿಯತೊಡಗಿದ್ದು ಇನ್ನೊಂದು.

## ಸ್ವಲ್ಪ ಒಳಕ್ಕೆ

ಬಡ ದೇಶದ ಮಕ್ಕಳು ಸಾಯುವುದು ಹಸಿವಿನಿಂದ ತಾನೇ?

ಹಸಿವು ಬಾಗಿಲು ತೆಗೆದುಕೊಡುತ್ತದೆ, ಒಳಗೆ ಬರುವುದು ಬೇರೆಯವು. ಐದು ವರ್ಷದೊಳಗಿನ ಮಕ್ಕಳನ್ನು ಒಯ್ಯುವುದು ನ್ಯುಮೋನಿಯಾ, ವಾಂತಿಭೇದಿ, ಆಫ್ರಿಕಾದಲ್ಲಿ ಮಲೇರಿಯಾ. ಆದರೆ ಹೆಚ್ಚಿನ ಗಂಡಾಂತರ ಮೊದಲ ತಿಂಗಳಿನದು: ದಿನ ತುಂಬದ ಹೆರಿಗೆ, ಹುಟ್ಟಿದಾಗ ಉಸಿರು ಕಟ್ಟುವುದು, ಸೋಂಕು. 2020ರಲ್ಲಿ ಭಾರತದ ಶಿಶು ಮರಣ ದರ 28. ಅದರಲ್ಲಿ 20 ಮೊದಲ 28 ದಿನದೊಳಗಿನವು.

ಇಲ್ಲಿ ಎರಡು ಕಥೆ ಹೇಳಲೇಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಗಡಿ ದಾಟಿ ಬಂದಾಗ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಯ ಕಡೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ನಾವು ಇವತ್ತು ಓಆರ್‌ಎಸ್ ಎನ್ನುವುದು ಅದನ್ನೇ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಎರಡನೆಯದು ಮಹಾರಾಷ್ಟ್ರದ ಗಡಚಿರೋಲಿಯದು. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ಕೂಸನ್ನು ತೂಗುವುದು, ಬೆಚ್ಚಗಿಡುವುದು, ಉಸಿರು ಎಣಿಸುವುದು, ಬೇಕಾದರೆ ಇಂಜೆಕ್ಷನ್ ಕೊಡುವುದು ಕಲಿಸಿದರು. ನವಜಾತ ಶಿಶುಗಳ ಸಾವು 62% ಇಳಿಯಿತೆಂದು 1999ರಲ್ಲಿ ಪ್ರಕಟಿಸಿದರು. ಬಾಣಂತಿ ಮನೆಗೆ ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ ಎಂದು ಲೆಕ್ಕ ಹಾಕಿ ಬರುತ್ತಾರಲ್ಲ, ಅದರ ಬೇರು ಅಲ್ಲಿದೆ. ಹುಟ್ಟಿದ ತಕ್ಷಣ ಕೂಸಿಗೆ ಎರೆಯಬೇಡಿ, ಒಂದು ದಿನ ತಡೆಯಿರಿ ಎಂದು ಅವರು ಹೇಳುವುದೂ ಸುಮ್ಮನೆ ಅಲ್ಲ. ಮೈ ತಣ್ಣಗಾದರೆ ಎರಡು ಕೆಜಿಯ ಕೂಸಿಗೆ ಅದೇ ಸಾಕು.

ಕರ್ನಾಟಕದಲ್ಲಿ ಈಗ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ. ಆದರೂ ಬಾಣಂತಿಯರು ಯಾಕೆ ಸಾಯುತ್ತಾರೆ?

ಒಳ್ಳೆಯ ಪ್ರಶ್ನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 97% ಹೆರಿಗೆ ಆಸ್ಪತ್ರೆಯಲ್ಲಿ. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2018-20ರಲ್ಲಿ 69. ಪಕ್ಕದ ಕೇರಳದಲ್ಲಿ 19. ಅಂದರೆ ಆಸ್ಪತ್ರೆಯ ಬಾಗಿಲು ದಾಟಿದ ಮೇಲೂ ಏನೋ ತಪ್ಪುತ್ತಿದೆ.

ಈ ಕ್ಷೇತ್ರದವರು "ಮೂರು ತಡ" ಎನ್ನುತ್ತಾರೆ. ಹೋಗಬೇಕೆಂದು ಮನೆಯವರು ತೀರ್ಮಾನಿಸಲು ತಡ, ದಾರಿಯಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆಗೆ ತಡ. ಆಂಬ್ಯುಲೆನ್ಸ್ ಮತ್ತು ತಾಯಿ ಕಾರ್ಡು ಮೊದಲೆರಡನ್ನು ತಕ್ಕಮಟ್ಟಿಗೆ ಕಡಿಮೆ ಮಾಡಿವೆ. ಮೂರನೆಯದು ಉಳಿದಿದೆ: ರಾತ್ರಿ ಎರಡಕ್ಕೆ ಅರಿವಳಿಕೆ ಡಾಕ್ಟರು ಇಲ್ಲ, ಆ ಗುಂಪಿನ ರಕ್ತ ಇಲ್ಲ, "ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂಬ ಚೀಟಿ ಮಾತ್ರ ಇದೆ. ಹೆರಿಗೆಯ ನಂತರ ರಕ್ತ ಹರಿಯಲು ಶುರುವಾದರೆ ತಾಯಿಯ ಕೈಯಲ್ಲಿರುವುದು ಗಂಟೆಗಳ ಲೆಕ್ಕದ ಸಮಯ. ಅದಕ್ಕೆ ಮುಂಚೆಯೇ ಆಕೆಗೆ ರಕ್ತಹೀನತೆ ಇದ್ದರೆ ಅಷ್ಟೂ ಇಲ್ಲ. ನಮ್ಮ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ.

ಇದರ ಮದ್ದು ಯಾವಾಗಲೂ ದುಬಾರಿಯೇ ಎಂದುಕೊಳ್ಳಬೇಡಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಮೇಲೆ ಒಂದು ಅಧ್ಯಯನ ನಡೆಯಿತು. ದಾದಿಯರು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಅತಿ ರಕ್ತಸ್ರಾವ 12%ರಿಂದ 6.4%ಕ್ಕೆ ಇಳಿಯಿತು. 2006ರಲ್ಲಿ ಫಲಿತಾಂಶ ಹೊರಬಂದಾಗ ಜಗತ್ತಿನ ಪ್ರಸೂತಿ ತಜ್ಞರೆಲ್ಲ ಬೆಳಗಾವಿಯ ಹೆಸರು ಓದಿದರು. ನಮ್ಮಲ್ಲಿ ಅದು ಗೊತ್ತಿರುವವರು ಕಡಿಮೆ.

ದೇಶಕ್ಕೆ ದುಡ್ಡು ಬಂದರೆ ಸಾವು ತಾನಾಗಿ ಇಳಿಯುವುದಿಲ್ಲವೇ?

ಸ್ವಲ್ಪ ದೂರದವರೆಗೆ ಇಳಿಯುತ್ತದೆ. 1975ರಲ್ಲಿ ಜನಸಂಖ್ಯಾ ತಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ ದೇಶಗಳ ತಲಾ ಆದಾಯವನ್ನೂ ಆಯಸ್ಸನ್ನೂ ಒಂದೇ ಚಿತ್ರದಲ್ಲಿ ಇಟ್ಟು ನೋಡಿದರು. ಬಡತನದ ತುದಿಯಲ್ಲಿ ಗೆರೆ ಕಡಿದಾಗಿ ಏರುತ್ತದೆ, ಆಮೇಲೆ ಮಲಗಿಬಿಡುತ್ತದೆ. ಊಟಕ್ಕಿಲ್ಲದವನಿಗೆ ಸಿಕ್ಕ ನೂರು ರೂಪಾಯಿ ಜೀವ ಉಳಿಸುತ್ತದೆ, ಕಾರು ಇರುವವನಿಗೆ ಸಿಕ್ಕ ನೂರು ರೂಪಾಯಿ ಏನೂ ಮಾಡುವುದಿಲ್ಲ. ಆತ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ: ಕಾಲ ಸರಿದಂತೆ ಆ ಗೆರೆಯೇ ಮೇಲಕ್ಕೆ ಸರಿದಿದೆ. 1930ರ ದಶಕದಲ್ಲಿ ಇಷ್ಟು ಆದಾಯಕ್ಕೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ಆಯಸ್ಸು 1960ರ ದಶಕದಲ್ಲಿ ಅಷ್ಟೇ ಆದಾಯಕ್ಕೆ ಸಿಕ್ಕಿತು. ಲಸಿಕೆ, ಸೊಳ್ಳೆ ನಿಯಂತ್ರಣ, ಕೈ ತೊಳೆಯುವ ತಿಳಿವಳಿಕೆ ಇವೆಲ್ಲ ಆದಾಯದ ಹಂಗಿಲ್ಲದೆ ದೇಶದಿಂದ ದೇಶಕ್ಕೆ ದಾಟಿದವು.

ಶ್ರೀಲಂಕಾ ನೋಡಿ. ಸೊಳ್ಳೆ ಕೊಲ್ಲಲು ಡಿಡಿಟಿ ಸಿಂಪಡಿಸಿದ ಹೊತ್ತಿನಲ್ಲಿ, 1946ರಿಂದ 1947ಕ್ಕೆ, ಅಲ್ಲಿನ ಕಚ್ಚಾ ಮರಣ ದರ ಸಾವಿರಕ್ಕೆ 20ರಿಂದ 14ಕ್ಕೆ ಬಿತ್ತು. ಡಿಡಿಟಿಯ ಪಾಲು ಎಷ್ಟು, ಯುದ್ಧಾನಂತರ ಅಕ್ಕಿ ಸಿಕ್ಕಿದ್ದರ ಪಾಲು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಆಮೇಲೆ ಹಳ್ಳಿ ಹಳ್ಳಿಗೆ ತರಬೇತಿ ಪಡೆದ ಸೂಲಗಿತ್ತಿ, ಉಚಿತ ಶಾಲೆ, ಸತ್ತ ಪ್ರತಿ ಬಾಣಂತಿಯ ಬಗ್ಗೆ ವಿಚಾರಣೆ. ದೊಡ್ಡ ಸಿರಿವಂತಿಕೆ ಬರಲೇ ಇಲ್ಲ, ಆಯಸ್ಸು ಬಂತು.

ತಾಯಿ ಓದಿದರೆ ಮಗು ಉಳಿಯುತ್ತದೆ ಅನ್ನೋದು ಬರೀ ಭಾಷಣದ ಮಾತಲ್ಲವೇ? ಓದಿದವಳ ಮನೆಯಲ್ಲಿ ದುಡ್ಡೂ ಇರುತ್ತದಲ್ಲ.

ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯಾದ ಅಂಕಿಗಳನ್ನಿಟ್ಟುಕೊಂಡು ಇದೇ ಸಂಶಯವನ್ನು ಪರೀಕ್ಷಿಸಿದರು. ಗಂಡನ ಕಸುಬು, ಮನೆಯ ಅನುಕೂಲ ಎಲ್ಲ ಒಂದೇ ಆಗಿದ್ದರೂ ತಾಯಿಯ ಓದಿನ ಪರಿಣಾಮ ಉಳಿದುಕೊಂಡಿತು. ಜೀವಶಾಸ್ತ್ರದ ಪಾಠ ನೆನಪಿರುತ್ತದೆ ಎಂದಲ್ಲ. ಜ್ವರ ಬಂದ ಮಗುವನ್ನು "ಅತ್ತೆಯವರು ಹೇಳಲಿ" ಎಂದು ಕಾಯದೆ ಎತ್ತಿಕೊಂಡು ಹೋಗುವ ಧೈರ್ಯ, ಡಾಕ್ಟರ ಮುಂದೆ ಮಾತಾಡುವ ಗಂಟಲು, ಬಸ್ಸಿನ ಬೋರ್ಡು ಓದುವ ಕಣ್ಣು ಅದರಿಂದ ಬರುತ್ತವೆ. ಜೊತೆಗೆ ಓದು ಮದುವೆಯನ್ನು ಮುಂದಕ್ಕೆ ಹಾಕುತ್ತದೆ. ಹದಿನಾರರ ತಾಯಿಗಿಂತ ಇಪ್ಪತ್ತೆರಡರ ತಾಯಿಯ ಕೂಸು ಗಟ್ಟಿ.

ಆಸ್ಟ್ರೇಲಿಯಾದ ಹಾವುಗಳು ನಮ್ಮವಕ್ಕಿಂತ ವಿಷವಂತೆ. ಅಲ್ಲಿ ಯಾರೂ ಸಾಯುವುದಿಲ್ಲವಂತೆ, ಹೌದೇ?

ವರ್ಷಕ್ಕೆ ಇಬ್ಬರೋ ಮೂವರೋ. ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ 58,000ದ ಅಂದಾಜು. ಬಡ ದೇಶ, ಸಿರಿವಂತ ದೇಶಗಳ ಸಾವಿನ ವ್ಯತ್ಯಾಸ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಯಾಕೆಂದರೆ ಇಲ್ಲಿ "ವಿಷ ಹೆಚ್ಚು" ಎಂಬ ನೆಪವೇ ಇಲ್ಲ.

ನಮ್ಮ ಹೊಲದಲ್ಲಿ ಬರಿಗಾಲು. ನೆಲದ ಮೇಲೆ ಚಾಪೆ. ಕಟ್ಟುಹಾವು ರಾತ್ರಿ ಹಾಸಿಗೆಗೆ ಬಂದು ಕಚ್ಚಿದರೆ ನೋವೇ ಇರುವುದಿಲ್ಲ, ಬೆಳಗ್ಗೆ ಕಣ್ಣಿನ ರೆಪ್ಪೆ ಏಳದಿದ್ದಾಗ ಗೊತ್ತಾಗುತ್ತದೆ. ಆಮೇಲೆ ಮಂತ್ರ ಹಾಕುವವರ ಮನೆ, ನಾಟಿ ಔಷಧಿ. ಎಷ್ಟೋ ಸಲ ಹಾವು ವಿಷ ಬಿಡದೆ ಕಚ್ಚಿರುತ್ತದೆ, ಹಾಗಾಗಿ ಮಂತ್ರದವರ ಹೆಸರು ಕೆಡುವುದಿಲ್ಲ. ನಿಜವಾದ ವಿಷ ಏರಿದವರು ಪ್ರಾಥಮಿಕ ಆರೋಗ್ಯ ಕೇಂದ್ರ ತಲುಪುವ ಹೊತ್ತಿಗೆ ತಡವಾಗಿರುತ್ತದೆ. ಅಲ್ಲಿ ಪ್ರತಿವಿಷದ ಸೀಸೆ ಇದ್ದರೂ ಅಲರ್ಜಿಯಾದೀತೆಂದು ಕೊಡಲು ಹೆದರುವವರುಂಟು. ಇನ್ನೊಂದು ತೊಡಕು: ನಮ್ಮ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ತಮಿಳುನಾಡಿನ ಹಾವಿಗೆ ಹೊಂದುವ ಮದ್ದು ರಾಜಸ್ಥಾನದ ಹಾವಿಗೆ ಅಷ್ಟೇ ಹೊಂದಬೇಕೆಂದಿಲ್ಲ.

2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಕಡಿತ ಎಂದು ಗೊತ್ತಾದರೆ ತಾನೇ ಸೀಸೆ ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗುವುದು?

## ಆಳದ ನೀರು

ಯುರೋಪಿನಲ್ಲಿ ಸಾವು ಇಳಿದದ್ದು ಔಷಧ ಕಂಡುಹಿಡಿದದ್ದರಿಂದ ತಾನೇ?

ಬಹುಪಾಲು ಅದಕ್ಕೆ ಮೊದಲೇ ಇಳಿದಿತ್ತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಇಂಗ್ಲೆಂಡಿನಲ್ಲಿ ಕ್ಷಯದ ಸಾವು ನೂರು ವರ್ಷದಿಂದ ಇಳಿಯುತ್ತ ಬಂದಿತ್ತು. ಬ್ರಿಟನ್ನಿನ ವೈದ್ಯ ಥಾಮಸ್ ಮೆಕೋನ್ ಇದನ್ನು ಎತ್ತಿ ತೋರಿಸಿ, ಒಳ್ಳೆಯ ಊಟವೇ ಮುಖ್ಯ ಕಾರಣ ಎಂದರು. 1988ರಲ್ಲಿ ಇತಿಹಾಸಕಾರ ಸೈಮನ್ ಶ್ರೇಟರ್ ಅದನ್ನು ಅಲ್ಲಗಳೆದು, ನಗರಸಭೆಗಳು ಹಾಕಿದ ಒಳಚರಂಡಿ ಮತ್ತು ನೀರಿನ ಕೊಳವೆಗೆ ಹೆಚ್ಚು ಪಾಲು ಕೊಟ್ಟರು. ನನ್ನ ಓಟು ಶ್ರೇಟರ್‌ಗೆ. 1866ರಲ್ಲಿ ಲಂಡನ್ನಿಗೆ ಕೊನೆಯ ಸಲ ಕಾಲರಾ ಬಂತು. ಹೊಸ ಒಳಚರಂಡಿ ಮುಗಿದಿದ್ದ ಭಾಗಗಳನ್ನು ಹೆಚ್ಚುಕಡಿಮೆ ಬಿಟ್ಟು, ಕೆಲಸ ಬಾಕಿಯಿದ್ದ ಪೂರ್ವ ಭಾಗದ ಬಡವರ ಕೇರಿಗಳನ್ನು ಅದು ಹಿಡಿಯಿತು.

ಬೆಂಗಳೂರಿಗೂ ಇಂಥ ಪಾಠ ಸಿಕ್ಕಿತ್ತು. 1898ರ ಪ್ಲೇಗಿನ ಭಯದಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಮಲ, ಕಸ ಸಾಗಿಸಲೆಂದು ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳನ್ನು ಈಗಲೂ ಅಲ್ಲಿ ನೋಡಬಹುದು, ಸ್ಕೂಟರು ನಿಲ್ಲಿಸಿಲ್ಲದಿದ್ದರೆ.

ಹಾರ್ಟ್ ಅಟ್ಯಾಕು, ಶುಗರು ಶ್ರೀಮಂತರ ಕಾಯಿಲೆ ಅಲ್ಲವೇ?

ಹಳೆಯ ಮಾತು. 17 ದೇಶಗಳಲ್ಲಿ, ಬೆಂಗಳೂರನ್ನೂ ಸೇರಿಸಿಕೊಂಡು, ಒಂದೂವರೆ ಲಕ್ಷ ಜನರ ಮೇಲೆ ನಡೆದ ಪ್ಯೂರ್ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ಬಿಪಿ, ಕೊಬ್ಬು, ಬೊಜ್ಜಿನಂಥ ಅಪಾಯಗಳ ಮೊತ್ತ ಸಿರಿವಂತ ದೇಶದವರಲ್ಲೇ ಹೆಚ್ಚು. ಹೃದಯಾಘಾತವಾಗಿ ಸಾಯುವವರು ಮಾತ್ರ ಬಡ ದೇಶಗಳಲ್ಲಿ ಹೆಚ್ಚು. ಸಿರಿವಂತ ದೇಶದವನಿಗೆ ಬಿಪಿ ಇದೆ ಎಂದು ಗೊತ್ತು, ತಿಂಗಳ ಮಾತ್ರೆ ಸಿಗುತ್ತದೆ, ಎದೆ ಹಿಡಿದರೆ ಹತ್ತಿರದಲ್ಲಿ ಆಸ್ಪತ್ರೆ ಇದೆ. ನಮ್ಮವನಿಗೆ ಬಿಪಿ ಇದೆ ಎಂದು ಗೊತ್ತಾಗುವುದು ಬಾಯಿ ಸೊಟ್ಟಗಾದ ದಿನ.

ಜಪಾನಿನಲ್ಲೂ ಒಂದು ಕಾಲಕ್ಕೆ ಪಾರ್ಶ್ವವಾಯುವೇ ದೊಡ್ಡ ಕೊಲೆಗಾರ, ಅದರಲ್ಲೂ ಉಪ್ಪಿನಕಾಯಿ ಪ್ರಿಯರಾದ ಅಕಿತಾ ಪ್ರಾಂತ್ಯದಲ್ಲಿ. ಉಪ್ಪು ಕಡಿಮೆ ಮಾಡಿಸಿ, ಬಿಪಿ ತಪಾಸಣೆ ಮಾಡಿಸಿ ಇಳಿಸಿದರು. ಮಾವಿನ ಮಿಡಿ ಭರಣಿಯ ಮುಂದೆ ಕೂತು ಇದನ್ನು ಬರೆಯಲು ನನಗೂ ಸಂಕಟವೇ.

ಅಮೆರಿಕದಲ್ಲಿ ಆಯಸ್ಸು ಇಳಿಯಿತಂತೆ. ಅಷ್ಟು ದುಡ್ಡಿದ್ದೂ ಹೇಗೆ?

2019ರಲ್ಲಿ 78.8 ಇದ್ದದ್ದು 2021ರಲ್ಲಿ 76.4ಕ್ಕೆ ಬಿತ್ತು. 2023ಕ್ಕೆ ಮತ್ತೆ 78.4. ಕೋವಿಡ್ ಒಂದೇ ಕಾರಣವಲ್ಲ, 2014ರ ನಂತರವೇ ಗೆರೆ ಬಗ್ಗಿತ್ತು. ದೇಶದ ಉತ್ಪನ್ನದಲ್ಲಿ ಸುಮಾರು 17% ಆರೋಗ್ಯಕ್ಕೆ ಸುರಿಯುವ ದೇಶವದು. ಆದರೆ ಸಾವು ಬರುತ್ತಿದ್ದುದು ಆಸ್ಪತ್ರೆಯ ಹೊರಗಿನಿಂದ: ನೋವಿನ ಮಾತ್ರೆಯಿಂದ ಶುರುವಾಗಿ ಫೆಂಟನಿಲ್ ಎಂಬ ಉಗ್ರ ಮಾದಕದವರೆಗೆ ಹೋದ ಚಟ (2021, 2022ರಲ್ಲಿ ವರ್ಷಕ್ಕೆ ಲಕ್ಷಕ್ಕಿಂತ ಹೆಚ್ಚು ಸಾವು), ಬಂದೂಕು, ಕಾರು, ಬೊಜ್ಜು. ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆಂಗಸ್ ಡೀಟನ್ 2015ರಲ್ಲಿ ಓದು ಕಡಿಮೆಯಿರುವ ನಡುವಯಸ್ಸಿನ ಬಿಳಿಯರಲ್ಲಿ ಸಾವು ಏರುತ್ತಿರುವುದನ್ನು ತೋರಿಸಿದಾಗ ಅಲ್ಲಿಯವರೇ ಬೆಚ್ಚಿದ್ದರು.

ರಷ್ಯಾ ಇದಕ್ಕಿಂತ ಕೆಟ್ಟದ್ದನ್ನು ಕಂಡಿದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1994ರಲ್ಲಿ, ಗಂಡಸರ ಆಯಸ್ಸು 58ಕ್ಕಿಂತ ಕೆಳಗಿಳಿದಿತ್ತು. ವೋಡ್ಕಾದ ಪಾಲು ದೊಡ್ಡದು. 1985ರಲ್ಲಿ ಗೊರ್ಬಚೇವ್ ಕುಡಿತಕ್ಕೆ ಕಡಿವಾಣ ಹಾಕಿದಾಗ ಸಾವು ಇಳಿದಿತ್ತು, ಕಡಿವಾಣ ಸಡಿಲವಾದಾಗ ಏರಿತು.

ಒಂದು ದೇಶ ಅಂದಮೇಲೆ ಒಂದೇ ದರ ಯಾಕೆ ಹೇಳುತ್ತೀರಿ? ಯಾದಗಿರಿಯೂ ಉಡುಪಿಯೂ ಒಂದೇಯೇ?

ಒಂದಲ್ಲ, ಸರಾಸರಿ ಇದನ್ನು ಮುಚ್ಚಿಡುತ್ತದೆ. 2008ರ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ ವರದಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಲೆಕ್ಕ ಕೊಟ್ಟಿತು: ಕಾಲ್ಟನ್ ಕೇರಿಯ ಗಂಡಸಿಗೆ 54 ವರ್ಷ, ಕೆಲವೇ ಮೈಲಿ ಆಚೆಯ ಲೆಂಜಿಯವನಿಗೆ 82. ಇಬ್ಬರಿಗೂ ಅದೇ ಉಚಿತ ಸರ್ಕಾರಿ ಆಸ್ಪತ್ರೆ. ಸಾರ್ವಜನಿಕ ಆರೋಗ್ಯ ಸಂಶೋಧಕ ಮೈಕೆಲ್ ಮಾರ್ಮಟ್ ಲಂಡನ್ನಿನ ಸರ್ಕಾರಿ ನೌಕರರಲ್ಲಿ ಕಂಡದ್ದೂ ಇದನ್ನೇ: ಹುದ್ದೆಯ ಮೆಟ್ಟಿಲು ಕೆಳಗಿಳಿದಂತೆ ಹೃದಯದ ಸಾವು ಹೆಚ್ಚು. ನಮ್ಮ ಕಲ್ಯಾಣ ಕರ್ನಾಟಕ ಮತ್ತು ಕರಾವಳಿಯ ಅಂತರವನ್ನು ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕುವಾರು ಬರೆದಿಟ್ಟಿದೆ. ಅದನ್ನು ಓದುವಾಗ ಆಸ್ಪತ್ರೆಯ ಹಾಸಿಗೆಯ ಸಂಖ್ಯೆಯ ಜೊತೆ ಶಾಲೆ, ನೀರು, ಗುಳೆಯ ಸಂಗತಿಯನ್ನೂ ಓದಿ.

ನಮ್ಮ ದೇಶದ ಸಾವಿನ ಲೆಕ್ಕ ನಂಬಬಹುದೇ?

ಎಷ್ಟು ಮಂದಿ ಸತ್ತರು ಎಂಬುದನ್ನು ತಕ್ಕಮಟ್ಟಿಗೆ, ಯಾವುದರಿಂದ ಸತ್ತರು ಎಂಬುದನ್ನು ಹುಷಾರಾಗಿ. 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ನೂರಕ್ಕೆ 22.5 ಮಾತ್ರ. ಬರೆದಲ್ಲೂ "ಹೃದಯ ಸ್ತಂಭನ" ಎಂಬ ಒಂದು ಪದ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಅದಕ್ಕೇ ಮನೆಮನೆಗೆ ಹೋಗಿ, ಸತ್ತವರ ಕಡೆಯವರಿಂದ ಲಕ್ಷಣ ಕೇಳಿ ಕಾರಣ ಊಹಿಸುವ ಪದ್ಧತಿ ಬಂತು. ಮೇಲೆ ಹೇಳಿದ ಹಾವಿನ ಅಂದಾಜೂ ಅಂಥದ್ದರಿಂದಲೇ ಸಿಕ್ಕಿದ್ದು. ಕೋವಿಡ್‌ನಲ್ಲಿ ಈ ಬಿರುಕು ಎಲ್ಲರಿಗೂ ಕಂಡಿತು: 2021ರ ಕೊನೆಗೆ ಸರ್ಕಾರಿ ಲೆಕ್ಕ ಸುಮಾರು 4.8 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆಯ ಹೆಚ್ಚುವರಿ ಸಾವಿನ (ಕೋವಿಡ್ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಾದ ಸಾವಿನ) ಅಂದಾಜು 47 ಲಕ್ಷ. ಭಾರತ ಸರ್ಕಾರ ಆ ವಿಧಾನವನ್ನು ಒಪ್ಪಲಿಲ್ಲ.

ಸಾವು ಇಳಿಸುತ್ತಾ ಹೋದರೆ ಜನಸಂಖ್ಯೆ ಎಲ್ಲಿಗೆ ಮುಟ್ಟುತ್ತದೆ?

ಮಕ್ಕಳು ಉಳಿಯುತ್ತಾರೆಂಬ ನಂಬಿಕೆ ಬಂದ ಮೇಲೆ ಹೆರುವುದೂ ಕಡಿಮೆಯಾಗುತ್ತದೆ. ನಡುವೆ ಒಂದೆರಡು ತಲೆಮಾರು ಜನ ಉಕ್ಕುವುದು ನಿಜ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರಲು ಬೇಕಾದ 2.1ಕ್ಕಿಂತ ಕಡಿಮೆ. ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಸರ್ಕಾರಿ ಕ್ಲಿನಿಕ್ ತೆರೆಯಲು ಆದೇಶಿಸಿದ್ದು 1930ರಲ್ಲಿ. ಲೋಕದಲ್ಲಿ ಆ ಕೆಲಸಕ್ಕೆ ಮೊದಮೊದಲು ಕೈ ಹಾಕಿದ ಸರ್ಕಾರಗಳಲ್ಲಿ ಅದೂ ಒಂದು.

ಮುಂದೆ ನಮ್ಮ ಸಾವಿನ ದರ ಇನ್ನೂ ಇಳಿಯುತ್ತದೆಯೇ?

ಕಚ್ಚಾ ದರ ಏರುತ್ತದೆ, ಏರಲೇಬೇಕು. 2021ರ ಅಂದಾಜಿನಲ್ಲಿ 60 ದಾಟಿದವರು ಕೇರಳದಲ್ಲಿ 16.5%, ಕರ್ನಾಟಕದಲ್ಲಿ 11.5%. ನಾವು ಜಪಾನಿನ ದಾರಿ ಹಿಡಿದಾಗಿದೆ, ಅವರಷ್ಟು ದುಡ್ಡು ಕೂಡಿಡುವ ಮೊದಲೇ. ಆಗ ಪತ್ರಿಕೆಯಲ್ಲಿ "ರಾಜ್ಯದಲ್ಲಿ ಸಾವಿನ ದರ ಏರಿಕೆ" ಎಂಬ ತಲೆಬರಹ ಬಂದರೆ ಗಾಬರಿಯಾಗುವ ಮುಂಚೆ ಸತ್ತವರ ವಯಸ್ಸು ಕೇಳಿ. ಎಂಬತ್ತೈದರವರಾದರೆ ಅದು ಬೇರೆ ಸುದ್ದಿ. ನಲವತ್ತೈದರವರಾದರೆ ಯಾವ ತಾಲ್ಲೂಕು, ಯಾವ ಕೆಲಸ, ಆಸ್ಪತ್ರೆಗೆ ಎಷ್ಟು ಹೊತ್ತಿಗೆ ತಲುಪಿದರು ಎಂದು ಕೇಳಿ, ನನಗೂ ಒಂದು ಕಾಗದ ಹಾಕಿ.